ಬೂಲಂಜೆರೈಟ್: ಕೂದಲಿನಂತೆ ಬೆಳೆಯುವ ಸೀಸದ ಖನಿಜ

ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಅದಿರು ಅನ್ನೋ ಮಾತು ಹೊಸದಲ್ಲ. ಸಂಡೂರಿನಿಂದ ಇಳಿಯುವ ಲಾರಿಗಳು, ರಸ್ತೆ ಬದಿಯ ಗಿಡಗಳ ಮೇಲೆ ಕೂತ ಕೆಂಪು ಧೂಳು, ಹಟ್ಟಿಯ ಚಿನ್ನ, ಗಿಣಿಗೇರಿಯ ಕಾರ್ಖಾನೆ ಹೊಗೆ ಎಲ್ಲ ನೋಡಿದವರೇ. ಆದರೆ ಈಚೆಗೆ ಪತ್ರಿಕೆಗಳಲ್ಲಿ ಕಾಣುವ ಹೆಸರುಗಳು ಬೇರೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಸುತ್ತ ಲಿಥಿಯಂ ಹುಡುಕಾಟದ ಸುದ್ದಿ ಬಂತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ತೀರಾ ಬೇಕಾದ 30 ಖನಿಜಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಆಂಟಿಮನಿ ಅನ್ನೋ ಹೆಸರೂ ಇತ್ತು. 2024ರ ಸೆಪ್ಟೆಂಬರ್ 15ರಿಂದ ಚೀನಾ ಆಂಟಿಮನಿ ರಫ್ತಿಗೆ ಲಗಾಮು ಹಾಕಿದ ಮೇಲಂತೂ ಅದರ ಬೆಲೆ ಜಗತ್ತಿನಲ್ಲೆಲ್ಲ ಏರಿತು.

ಇಂಥ ಸುದ್ದಿ ಬಂದಾಗ ಹೊಲದಲ್ಲೋ ಗುಡ್ಡದಲ್ಲೋ ಸಿಕ್ಕ ಹೊಳೆಯುವ ಕಲ್ಲನ್ನೆಲ್ಲ ಜನ ಅನುಮಾನದಿಂದ ನೋಡುತ್ತಾರೆ. ಇದು ಬೆಳ್ಳಿನಾ? ಆಂಟಿಮನಿನಾ? ಹಾಗಾಗಿ ಆಂಟಿಮನಿ ಇರುವ ಒಂದು ಅಪರೂಪದ ಖನಿಜವನ್ನೇ ಹಿಡಿದು ನೋಡೋಣ. ಹೆಸರು ಬೂಲಂಜೆರೈಟ್. ಸೀಸ, ಆಂಟಿಮನಿ, ಗಂಧಕ ಮೂರೂ ಸೇರಿ ಆದದ್ದು. ಒಂದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಸಂಡೂರಿನ ಗುಡ್ಡದಲ್ಲಿ ಇದು ಯಾಕೆ ಸಿಗಲ್ಲ, ಹಟ್ಟಿಯಂಥ ಜಾಗದ ಬಗ್ಗೆ ಮಾತಾಡುವಾಗ ಭೂವಿಜ್ಞಾನಿಗಳು ಯಾಕೆ ಇಂಥ ಖನಿಜಗಳ ಹೆಸರು ಎತ್ತುತ್ತಾರೆ ಅನ್ನೋದೂ ತಿಳಿಯುತ್ತದೆ.

ಆಂಟಿಮನಿ ನಮ್ಮ ಮನೆಯಲ್ಲಿ ಎಲ್ಲಿದೆ?

ಹೆಸರು ದೂರದ್ದು ಅನ್ನಿಸಿದರೂ ವಸ್ತು ಹತ್ತಿರದ್ದೇ. ಸೀಸ ಮೆತ್ತಗಿನ ಲೋಹ, ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಅದಕ್ಕೆ ಸ್ವಲ್ಪ ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ಟ್ರ್ಯಾಕ್ಟರ್, ಲಾರಿಗಳ ಬ್ಯಾಟರಿಯೊಳಗಿನ ಸೀಸದ ಜಾಲರಿಗೆ ಆಂಟಿಮನಿ ಸೇರಿಸುವ ರೂಢಿ ಹಳೆಯದು. ವೈರಿನ ಮೇಲಿನ ಪ್ಲಾಸ್ಟಿಕ್, ಸೀಟಿನ ಬಟ್ಟೆ ಬೇಗ ಬೆಂಕಿ ಹಿಡಿಯದಿರಲಿ ಅಂತ ಆಂಟಿಮನಿ ಆಕ್ಸೈಡ್ ಬೆರೆಸುತ್ತಾರೆ. ಸೋಲಾರ್ ಫಲಕದ ಗಾಜು ಗುಳ್ಳೆಯಿಲ್ಲದೆ ತಿಳಿಯಾಗಿ ಬರಲಿಕ್ಕೂ ಬಳಸುತ್ತಾರೆ.

ಆಫ್‌ಸೆಟ್ ಬರುವ ಮುಂಚೆ ಮದುವೆ ಪತ್ರಿಕೆ ಅಚ್ಚು ಹಾಕಿಸಲು ಮುದ್ರಣಾಲಯಕ್ಕೆ ಹೋದವರು ಮೊಳೆ ಜೋಡಿಸುವುದನ್ನು ನೋಡಿರುತ್ತಾರೆ. ಆ ಅಚ್ಚುಮೊಳೆ ಸೀಸ, ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದದ್ದು. ಬರೀ ಸೀಸ ಆರುವಾಗ ಕುಗ್ಗಿ ಅಕ್ಷರದ ಅಂಚು ಮೊಂಡಾಗುತ್ತದೆ. ಆಂಟಿಮನಿ ಇದ್ದರೆ ಕುಗ್ಗುವುದು ಕಡಿಮೆ. ಒತ್ತಕ್ಷರದ ಸಣ್ಣ ಕೊಂಬು ಕೂಡ ಸ್ಪಷ್ಟವಾಗಿ ಮೂಡಬೇಕಾದ ಕನ್ನಡಕ್ಕೆ ಇದು ಸಣ್ಣ ಉಪಕಾರವೇನಲ್ಲ.

ಖನಿಜ, ಕಲ್ಲು, ಅದಿರು, ಸಲ್ಫೋಸಾಲ್ಟ್

ನಾಲ್ಕು ಪದ ಮೊದಲೇ ಬಿಡಿಸಿಕೊಂಡರೆ ಮುಂದಿನದು ಸಲೀಸು. ಖನಿಜ ಅಂದ್ರೆ ನಿಸರ್ಗದಲ್ಲಿ ತಾನಾಗಿ ಆದ ಗಟ್ಟಿ ವಸ್ತು. ಅದರೊಳಗೆ ಯಾವ ಧಾತು ಎಷ್ಟು ಅನ್ನೋದಕ್ಕೆ ಒಂದು ಲೆಕ್ಕವಿರುತ್ತದೆ, ಪರಮಾಣುಗಳು ಸಾಲಾಗಿ ಕ್ರಮದಲ್ಲಿ ಕೂತಿರುತ್ತವೆ. ಕಲ್ಲು ಅಂದ್ರೆ ಒಂದೋ ಹಲವೋ ಖನಿಜಗಳ ಗಟ್ಟಿ ರಾಶಿ. ಅದಿರು ಅಂದ್ರೆ ಲೋಹ ತೆಗೆದು ಮಾರಿದರೆ ಖರ್ಚು ಕಳೆದು ಕೈಗೆ ಏನಾದರೂ ಉಳಿಯುವ ಕಲ್ಲು. ಬೆಲೆ ಬಿದ್ದ ದಿನ ಅದೇ ಅದಿರು ಬರೀ ಕಲ್ಲಾಗುತ್ತದೆ, ಅದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಲೋಹ ಮತ್ತು ಗಂಧಕ ನೇರವಾಗಿ ಸೇರಿದರೆ ಸಲ್ಫೈಡ್. ಸೀಸ ಮತ್ತು ಗಂಧಕ ಸೇರಿದ್ದು ಗೆಲೀನಾ, ಕಬ್ಬಿಣ ಮತ್ತು ಗಂಧಕ ಸೇರಿ ಚಿನ್ನದಂತೆ ಮೋಸ ಮಾಡುವುದು ಪೈರೈಟ್. ಸಲ್ಫೋಸಾಲ್ಟ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದರಲ್ಲಿ ಸೀಸ, ತಾಮ್ರ, ಬೆಳ್ಳಿಯಂಥ ಲೋಹ ಒಂದು ಕಡೆ. ಆಂಟಿಮನಿ, ಆರ್ಸೆನಿಕ್ ಅಥವಾ ಬಿಸ್ಮತ್ ಇನ್ನೊಂದು ಕಡೆ. ಇವೆರಡನ್ನೂ ಹಿಡಿದಿಡುವ ಗಂಧಕ ನಡುವೆ. ಈ ಗುಂಪಿನಲ್ಲಿ 200ಕ್ಕೂ ಹೆಚ್ಚು ಖನಿಜಗಳು ಗೊತ್ತಾಗಿವೆ. ಬಹಳಷ್ಟು ಎಷ್ಟು ಸಣ್ಣ ಕಣಗಳೆಂದರೆ ಸೂಕ್ಷ್ಮದರ್ಶಕವಿಲ್ಲದೆ ಕಾಣುವುದೇ ಇಲ್ಲ. ಬೂಲಂಜೆರೈಟ್ ಈ ಗುಂಪಿನಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆಯುವ ಕೆಲವೇ ಖನಿಜಗಳಲ್ಲಿ ಒಂದು.

ಐದಕ್ಕೆ ಎರಡರ ಲೆಕ್ಕ

ಬೂಲಂಜೆರೈಟ್‌ನ ಸೂತ್ರದಲ್ಲಿ ಸೀಸದ ಪರಮಾಣು 5, ಆಂಟಿಮನಿ 4, ಗಂಧಕ 11. ಇದು ಯಾಕೆ ಹೀಗೆ ವಿಚಿತ್ರವಾಗಿದೆ ಅಂತ ಅನ್ನಿಸಬಹುದು. ಬಿಡಿಸಿದರೆ ಸುಲಭ. ಗೆಲೀನಾದಲ್ಲಿ ಒಂದು ಸೀಸಕ್ಕೆ ಒಂದು ಗಂಧಕ. ಆಂಟಿಮನಿಯ ಮುಖ್ಯ ಅದಿರು ಸ್ಟಿಬ್ನೈಟ್, ಅದರಲ್ಲಿ ಎರಡು ಆಂಟಿಮನಿಗೆ ಮೂರು ಗಂಧಕ. ಐದು ಗೆಲೀನಾ, ಎರಡು ಸ್ಟಿಬ್ನೈಟ್ ಕೂಡಿಸಿ ನೋಡಿ: ಸೀಸ 5, ಆಂಟಿಮನಿ 4, ಗಂಧಕ 5 ಮತ್ತು 6 ಸೇರಿ 11. ಲೆಕ್ಕ ಸರಿಹೋಯಿತು.

ಹಾಗಂತ ಇದು ಎರಡರ ಮಿಶ್ರಣವಲ್ಲ. ಗೆಲೀನಾ ಪುಡಿ, ಸ್ಟಿಬ್ನೈಟ್ ಪುಡಿ ಕಲಸಿಟ್ಟರೆ ಬೂಲಂಜೆರೈಟ್ ಆಗುವುದಿಲ್ಲ. ಪರಮಾಣುಗಳು ಹೊಸದಾಗಿ, ಬೇರೆಯದೇ ಕ್ರಮದಲ್ಲಿ ಕೂರಬೇಕು. ಅನುಪಾತ ಸ್ವಲ್ಪ ಬದಲಾದರೂ ಬೇರೆ ಖನಿಜವೇ ಹುಟ್ಟುತ್ತದೆ. ಆಂಟಿಮನಿ ಜಾಸ್ತಿಯಾದರೆ ರಾಬಿನ್ಸನೈಟ್, ಜಿಂಕೆನೈಟ್. ಜೊತೆಗೆ ಕಬ್ಬಿಣ ಸೇರಿಕೊಂಡರೆ ಜೇಮ್ಸನೈಟ್. ತಾಮ್ರ ಬಂದರೆ ಬೂರ್ನೊನೈಟ್. ಒಂದೇ ಕುಟುಂಬ, ಒಬ್ಬೊಬ್ಬರಿಗೆ ಒಂದೊಂದು ಹೆಸರು.

ತೂಕದಲ್ಲಿ ಹೇಳುವುದಾದರೆ 100 ಕಿಲೋ ಶುದ್ಧ ಬೂಲಂಜೆರೈಟ್‌ನಲ್ಲಿ ಸುಮಾರು 55 ಕಿಲೋ ಸೀಸ, 26 ಕಿಲೋ ಆಂಟಿಮನಿ, 19 ಕಿಲೋ ಗಂಧಕ ಇರುತ್ತದೆ. ಹೆಸರು ಬಂದದ್ದು ಫ್ರಾನ್ಸಿನ ಗಣಿ ಎಂಜಿನಿಯರ್ ಶಾರ್ಲ್ ಬೂಲಂಜೆ ಅವರಿಂದ, 1837ರಲ್ಲಿ. ಮೊದಲು ಗುರುತಾದ ಮಾದರಿಯೂ ದಕ್ಷಿಣ ಫ್ರಾನ್ಸಿನದು.

ಕೈಯಲ್ಲಿ ಹಿಡಿದರೆ

ಬಣ್ಣ ಸೀಸದ ಬೂದಿ, ಅದರಲ್ಲಿ ತುಸು ನೀಲಿ ಛಾಯೆ. ಹೊಳಪು ಲೋಹದ್ದು. ಗಟ್ಟಿತನದ ಅಳತೆ 1ರಿಂದ 10ರವರೆಗೆ. ನಮ್ಮ ಉಗುರು ಸುಮಾರು 2.5, ಬೂಲಂಜೆರೈಟ್ 2.5ರಿಂದ 3. ಅಂದ್ರೆ ಚಾಕುವಿನ ಮೊನೆಗೆ ಸಲೀಸಾಗಿ ಗೀರು ಬೀಳುತ್ತದೆ. ತೂಕ ನೀರಿನ ಆರು ಪಟ್ಟಿಗಿಂತ ತುಸು ಜಾಸ್ತಿ. ಹೊಲದಲ್ಲಿ ಸಿಗುವ ಬಿಳಿ ಬೆಣಚುಕಲ್ಲು 2.65 ಪಟ್ಟು, ಸಂಡೂರಿನ ಒಳ್ಳೆ ಕಬ್ಬಿಣದ ಅದಿರು ಐದು ಪಟ್ಟಿನ ಆಸುಪಾಸು, ಗೆಲೀನಾ ಏಳೂವರೆ ಪಟ್ಟು. ಹಾಗಾಗಿ ಬೂಲಂಜೆರೈಟ್ ತುಂಬಿದ ಸಣ್ಣ ಚೂರು ಅಂಗೈಯಲ್ಲಿಟ್ಟರೂ ಭಾರ ಗೊತ್ತಾಗುತ್ತದೆ.

ನಿಜವಾದ ಗುರುತು ಆಕಾರದಲ್ಲಿದೆ. ಹರಳು ಉದ್ದುದ್ದ, ಸೂಜಿಯಂತೆ ಸಪೂರ, ಮೈಮೇಲೆ ಉದ್ದಕ್ಕೆ ಗೀರುಗಳು. ಇನ್ನೂ ಸಪೂರವಾದರೆ ಕೂದಲೇ. ಬೆಣಚುಕಲ್ಲಿನ ಪೊಟರೆಯೊಳಗೆ ಈ ಬೂದುಬಣ್ಣದ ಎಳೆಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿರುತ್ತವೆ. ಬಾಚಣಿಕೆಯಿಂದ ತೆಗೆದು ಬಿಸಾಡಿದ ಕೂದಲು ಕಲ್ಲಿಗೆ ಅಂಟಿದೆಯೇನೋ ಅಂತ ಉಫ್ ಎಂದು ಊದಬೇಕು ಅನ್ನಿಸುತ್ತದೆ. ಊದಿದರೆ ಸಪೂರ ಎಳೆ ಅಲ್ಲಾಡುತ್ತದೆ ಕೂಡ. ಅಪರೂಪಕ್ಕೆ ಎಳೆ ತನ್ನಷ್ಟಕ್ಕೆ ಬಾಗಿ ಪುಟ್ಟ ಉಂಗುರವಾಗಿರುವುದೂ ಉಂಟು. ಕಲ್ಲು ಬಳುಕುತ್ತದೆ ಅಂದ್ರೆ ನಂಬೋದು ಕಷ್ಟ, ಆದರೆ ಬೂಲಂಜೆರೈಟ್‌ನ ಸಪೂರ ಎಳೆಯನ್ನು ಸೂಜಿಯಿಂದ ಮೆಲ್ಲಗೆ ತಳ್ಳಿದರೆ ಬಾಗುತ್ತದೆ, ಮುರಿಯುವುದಿಲ್ಲ.

ಇದೇ ಬಳುಕು ಅದರ ಜೋಡಿದಾರ ಜೇಮ್ಸನೈಟ್‌ನಿಂದ ಬೇರ್ಪಡಿಸಲು ಹಳೆಯ ಉಪಾಯ. ಜೇಮ್ಸನೈಟ್ ಕೂಡ ಕೂದಲಿನಂತೆಯೇ ಬೆಳೆಯುತ್ತದೆ, ಬಣ್ಣವೂ ಹೆಚ್ಚುಕಡಿಮೆ ಅದೇ. ಆದರೆ ಅದು ಅಡ್ಡಕ್ಕೆ ಸೀಳುವ ಸ್ವಭಾವದ್ದು, ಬಾಗಿಸಿದರೆ ಪಟ್ ಅಂತ ತುಂಡಾಗುತ್ತದೆ. ಒಂದು ಕಾಲದಲ್ಲಿ ಎರಡನ್ನೂ ಸೇರಿಸಿ ಗರಿ ಅದಿರು ಅಂತ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಹಾಗಾಗಿ ಹಳೆಯ ಸಂಗ್ರಹಾಲಯಗಳಲ್ಲಿ ಚೀಟಿ ಒಂದು, ಕಲ್ಲು ಇನ್ನೊಂದು ಆಗಿದ್ದರೆ ಆಶ್ಚರ್ಯವಿಲ್ಲ. ಈಗ ಕೊನೆಯ ಮಾತು ಹೇಳುವುದು ಎಕ್ಸ್‌ರೇ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟು ಅದು ಯಾವ ಕೋನದಲ್ಲಿ ಚದುರುತ್ತದೆ ಅಂತ ಅಳೆದರೆ ಪರಮಾಣುಗಳ ಸಾಲು ಗೊತ್ತಾಗುತ್ತದೆ, ಹೆಸರೂ ಗೊತ್ತಾಗುತ್ತದೆ.

ನಮ್ಮ ಕಡೆ ಮೋಸ ಮಾಡುವ ಕಲ್ಲು

ಸಂಡೂರು, ದೋಣಿಮಲೈ ಸುತ್ತ ಬೂದುಬಣ್ಣಕ್ಕೆ ಫಳಫಳ ಹೊಳೆಯುವ, ಹಪ್ಪಳ ಹಪ್ಪಳವಾಗಿ ಏಳುವ ಕಲ್ಲು ಸಿಕ್ಕರೆ ಅದು ಹೆಮಟೈಟ್‌ನ ಒಂದು ರೂಪ, ಬರೀ ಕಬ್ಬಿಣದ ಅದಿರು. ಪರೀಕ್ಷೆ ಮನೆಯಲ್ಲೇ ಇದೆ. ನೆಲದ ಟೈಲಿನ ಹಿಂಬದಿ ನುಣುಪಿಲ್ಲದೆ ಒರಟಾಗಿರುತ್ತದಲ್ವಾ, ಅದರ ಮೇಲೆ ಕಲ್ಲನ್ನು ಒತ್ತಿ ಒಂದು ಗೆರೆ ಎಳೆಯಿರಿ. ಹೆಮಟೈಟ್ ಹೊರಗೆ ಎಷ್ಟೇ ಬೆಳ್ಳಗೆ ಹೊಳೆಯಲಿ, ಗೆರೆ ಕೆಂಪಾಗಿಯೇ ಬೀಳುತ್ತದೆ. ಗೆಲೀನಾದ ಗೆರೆ ಸೀಸದ ಬೂದಿ, ಬೂಲಂಜೆರೈಟ್‌ನದು ಕಂದು ಮಿಶ್ರಿತ ಬೂದಿ. ಅಭ್ರಕದ ಹಪ್ಪಳವೂ ಹೊಳೆಯುತ್ತದೆ, ಆದರೆ ಹಗುರ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ.

ಗೆಲೀನಾ ಗುರುತಿಸೋದು ಇನ್ನೂ ಸುಲಭ. ಎಷ್ಟು ಸಲ ಒಡೆದರೂ ಚೌಕ ಚೌಕ ಮೂಲೆಗಳೇ ಬರುತ್ತವೆ. ಬೂಲಂಜೆರೈಟ್ ಯಾವತ್ತೂ ಚೌಕವಾಗಿ ಒಡೆಯುವುದಿಲ್ಲ.

ಉದ್ದಕ್ಕೇ ಯಾಕೆ ಬೆಳೆಯುತ್ತದೆ?

ಕಾರಣ ಆಂಟಿಮನಿಯಲ್ಲಿದೆ. ಗೆಲೀನಾದಲ್ಲಿ ಸೀಸದ ಪರಮಾಣುವಿನ ಸುತ್ತ ಆರೂ ದಿಕ್ಕಿಗೆ ಗಂಧಕ ಸಮವಾಗಿ ಕೂತಿರುತ್ತದೆ. ಹಾಗಾಗಿ ಹರಳು ಎಲ್ಲ ಕಡೆ ಒಂದೇ ಸಮ ಬೆಳೆದು ಚೌಕವಾಗುತ್ತದೆ. ಆಂಟಿಮನಿ ಹಾಗಲ್ಲ. ಅದು ಒಂದು ಪಕ್ಕದಲ್ಲಿ ಮೂರು ಗಂಧಕವನ್ನು ಬಿಗಿಯಾಗಿ ಹಿಡಿಯುತ್ತದೆ. ಇನ್ನೊಂದು ಪಕ್ಕದಲ್ಲಿ ಯಾರ ಜೊತೆಗೂ ಸೇರದ ಒಂದು ಜೋಡಿ ಎಲೆಕ್ಟ್ರಾನ್ ಜಾಗ ಹಿಡಿದು ಕೂತಿರುತ್ತದೆ. ಆ ಪಕ್ಕದಲ್ಲಿ ನಂಟು ಸಡಿಲ. ಹೀಗೆ ಬಿಗಿ ಭಾಗಗಳೆಲ್ಲ ಸೇರಿ ಉದ್ದನೆಯ ಸರಳುಗಳಾಗುತ್ತವೆ, ಸರಳಿಗೂ ಸರಳಿಗೂ ನಡುವೆ ಹಿಡಿತ ಕಮ್ಮಿ. ಹರಳು ಉದ್ದಕ್ಕೆ ಬೇಗ ಬೆಳೆಯುತ್ತದೆ, ಅಗಲಕ್ಕೆ ನಿಧಾನ. ಕೊನೆಗೆ ಕಣ್ಣಿಗೆ ಕಾಣುವ ಕೂದಲು ಒಳಗಿನ ಆ ಸರಳುಗಳ ಜೋಡಣೆಯ ಫಲ.

ಹುಟ್ಟುವ ಜಾಗ

ನೆಲದೊಳಗೆ ಕಿಲೋಮೀಟರ್‌ಗಟ್ಟಲೆ ಕೆಳಗೆ ನೀರು ನೂರಾರು ಡಿಗ್ರಿ ಬಿಸಿಯಿದ್ದರೂ ಆವಿಯಾಗಿ ಹೋಗುವುದಿಲ್ಲ. ಮೇಲಿನ ಕಲ್ಲಿನ ಒತ್ತಡ ಅದನ್ನು ಅದುಮಿ ಹಿಡಿದಿರುತ್ತದೆ. ಆ ಬಿಸಿನೀರು ಸುತ್ತಲ ಕಲ್ಲಿನಿಂದ ಗಂಧಕ, ಸೀಸ, ಸತು, ಆಂಟಿಮನಿ, ಚಿನ್ನ ಎಲ್ಲವನ್ನೂ ಚೂರುಚೂರು ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ. ಏರುತ್ತ ಏರುತ್ತ ತಣ್ಣಗಾಗುತ್ತದೆ. ಬಿಸಿ ಪಾಕದಲ್ಲಿ ಕರಗಿದ್ದ ಸಕ್ಕರೆ ಪಾಕ ಆರಿದಂತೆ ದಾರ ಹಿಡಿದು ಕಲ್ಲುಸಕ್ಕರೆ ಆಗುತ್ತದಲ್ಲ, ಇಲ್ಲಿಯೂ ನಡೆಯೋದು ಅದೇ. ವ್ಯತ್ಯಾಸ ಏನಂದರೆ ಈ ಪಾಕದಲ್ಲಿ ಹತ್ತಾರು ಪದಾರ್ಥ ಇವೆ, ಒಂದೊಂದೂ ತನ್ನ ಬಿಸಿ ಬಂದಾಗ ಹರಳಾಗುತ್ತದೆ.

ಸಾಮಾನ್ಯವಾಗಿ ಕಬ್ಬಿಣ, ಆರ್ಸೆನಿಕ್, ಗಂಧಕ ಸೇರಿದ ಆರ್ಸೆನೊಪೈರೈಟ್, ಜೊತೆಗೆ ಪೈರೈಟ್ ಮೊದಲು. ಆಮೇಲೆ ಸತುವಿನ ಸ್ಫಾಲೆರೈಟ್, ಸೀಸದ ಗೆಲೀನಾ. ಆಂಟಿಮನಿ ಕೊನೆಯವರೆಗೂ ನೀರಿನಲ್ಲೇ ಉಳಿಯುವ ಧಾತು. ನೀರು ಸಾಕಷ್ಟು ತಣ್ಣಗಾದ ಮೇಲೆ, ಹೆಚ್ಚುಕಡಿಮೆ 200ರಿಂದ 300 ಡಿಗ್ರಿಯ ಆಸುಪಾಸಿನಲ್ಲಿ, ಉಳಿದ ಸೀಸದ ಜೊತೆ ಸೇರಿ ಬೂಲಂಜೆರೈಟ್ ಆಗುತ್ತದೆ. ಕೆಲವು ಸಲ ಮುಂಚೆಯೇ ಕೂತಿದ್ದ ಗೆಲೀನಾವನ್ನು ಈ ಆಂಟಿಮನಿ ನೀರು ಕೊರೆದು, ಅದರ ಸೀಸವನ್ನೇ ಕಿತ್ತುಕೊಂಡು ಬೂಲಂಜೆರೈಟ್ ಮಾಡುವುದೂ ಇದೆ. ಕೂದಲಿನ ಎಳೆಗಳು ಯಾವಾಗಲೂ ಪೊಟರೆಯಲ್ಲೇ ಸಿಗುವುದಕ್ಕೆ ಕಾರಣ ಇದು: ಕೊನೆಗೆ ಬಂದವನಿಗೆ ಉಳಿದ ಜಾಗ ಅಷ್ಟೇ.

ಅಪರೂಪ ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಸೀಸ ಬೇಕು, ಆಂಟಿಮನಿ ಬೇಕು, ಗಂಧಕ ಬೇಕು. ಐದಕ್ಕೆ ಎರಡರ ಹತ್ತಿರದ ಅನುಪಾತ ಬೇಕು. ಕಬ್ಬಿಣ, ತಾಮ್ರ ಮಧ್ಯೆ ಬಂದು ಜೇಮ್ಸನೈಟ್, ಬೂರ್ನೊನೈಟ್ ಮಾಡಿಬಿಡಬಾರದು. ಬಿಸಿ ಹದವಾಗಿರಬೇಕು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವ ಜಾಗ ಕಡಿಮೆ.

ಜಗತ್ತಿನಲ್ಲಿ ಹೆಸರಾದ ಜಾಗಗಳು ಚೆಕ್ ದೇಶದ ಪ್ರಿಬ್ರಾಮ್, ಕೊಸೊವೊದ ಟ್ರೆಪ್ಚಾ, ಮೆಕ್ಸಿಕೊದ ಸಕಾಟೆಕಾಸ್ ರಾಜ್ಯದ ಗಣಿಗಳು. ನಮ್ಮ ದೇಶದಲ್ಲಿ ಸೀಸ, ಸತು ಜಾಸ್ತಿ ಇರುವ ರಾಜಸ್ಥಾನದ ರಾಜಪುರ-ದರೀಬಾ ಗಣಿ ಸೀಸದ ಸಲ್ಫೋಸಾಲ್ಟ್‌ಗಳಿಗೆ ಹೆಸರುವಾಸಿ. ಸ್ಟಿಬ್ನೈಟ್ ಹಿಮಾಚಲದ ಲಾಹೌಲ್-ಸ್ಪಿತಿಯ ಬಡಾ ಶಿಗ್ರಿ ಹಿಮನದಿಯ ಹತ್ತಿರ ಇದೆ.

ಸಂಡೂರು ಒಂದು ಥರ, ಹಟ್ಟಿ ಇನ್ನೊಂದು ಥರ

ಎರಡೂ ಗಣಿಯೇ ಆದರೂ ಇವುಗಳ ಹುಟ್ಟು ಬೇರೆ. ಸಂಡೂರಿನ ಕಬ್ಬಿಣ ಬಿಸಿನೀರಿನ ಬಿರುಕಿನಲ್ಲಿ ಕೂತದ್ದಲ್ಲ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕ ಪದರ ಪದರವಾಗಿ ಇಳಿದವು. ಮುಂದೆ ಸಿಲಿಕ ಕರಗಿ ಹೋದಲ್ಲಿ ಕಬ್ಬಿಣ ಉಳಿದು ಒಳ್ಳೆ ಅದಿರಾಯಿತು. ಅಲ್ಲಿನ ಕಬ್ಬಿಣ ಆಮ್ಲಜನಕದ ಜೊತೆ ಇದೆ, ಗಂಧಕದ ಜೊತೆಗಲ್ಲ. ಕೆಂಪು ಬಣ್ಣವೇ ಅದಕ್ಕೆ ಸಾಕ್ಷಿ. ಆಮ್ಲಜನಕ ತುಂಬಿದ ಇಂಥ ಅದಿರಿನಲ್ಲಿ ಗಂಧಕದ ಖನಿಜ ಹುಡುಕೋದು ಸುಮ್ನೆ ಕಾಲಹರಣ. ಕೊಪ್ಪಳದ ಬಂಡೆಗಳೂ ಬಹುಪಾಲು ಗ್ರಾನೈಟ್, ಪಟ್ಟೆ ಪಟ್ಟೆಯಾಗಿ ಕಾಣುವ ನೈಸ್ ಅನ್ನೋ ಕಲ್ಲಿನ ಜಾತಿಯವು. ಅವುಗಳ ಮಧ್ಯೆ ಬಿಸಿನೀರಿನ ಬಿರುಕು ಇದ್ದರೆ ಮಾತ್ರ ಮಾತು.

ಹಟ್ಟಿ ಬಿಸಿನೀರಿನ ಮಗು. ಲಿಂಗಸುಗೂರು ತಾಲ್ಲೂಕಿನ ಈ ಚಿನ್ನವೂ ಹೆಚ್ಚುಕಡಿಮೆ ಇನ್ನೂರೈವತ್ತು ಕೋಟಿ ವರ್ಷ ಹಳೆಯದು. ಗಣಿಯವರು ರೀಫ್ ಅನ್ನೋ ಚಿನ್ನದ ಪಟ್ಟಿಗಳು ಬಿರುಕಿನಲ್ಲಿ ಬಂದ ನೀರಿನಿಂದಲೇ ಆದವು. ಚಿನ್ನದ ಜೊತೆ ಅಲ್ಲಿ ಆರ್ಸೆನೊಪೈರೈಟ್, ಪಿರೊಟೈಟ್, ಪೈರೈಟ್‌ನಂಥ ಗಂಧಕದ ಖನಿಜಗಳಿವೆ. ಮಸ್ಕಿವರೆಗೂ ಚಾಚಿದ ಇದೇ ಪಟ್ಟಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ 1915ರಲ್ಲಿ ಮಸ್ಕಿಯ ಅಶೋಕ ಶಾಸನ ಸಿಕ್ಕಿತು. ಚಿನ್ನಕ್ಕಿಂತ ಅದೇ ದೊಡ್ಡ ಪತ್ತೆ ಅಂತ ನನಗನ್ನಿಸುತ್ತದೆ.

ಹಾಗಾದರೆ ಹಟ್ಟಿಯಲ್ಲಿ ಬೂಲಂಜೆರೈಟ್ ರಾಶಿ ಇರಬೇಕಲ್ವಾ? ಇಲ್ಲ. ಅಲ್ಲಿನ ಕಲ್ಲು ಆಂಫಿಬೊಲೈಟ್, 500 ಡಿಗ್ರಿ ದಾಟಿದ ಬಿಸಿಯಲ್ಲಿ ಬೆಂದದ್ದು. ಅದಿರಿನ ಮುಖ್ಯ ಹಂತವೂ ಜಾಸ್ತಿ ಬಿಸಿಯದು, ಅದು ಆರ್ಸೆನೊಪೈರೈಟ್‌ಗೆ ಹೇಳಿ ಮಾಡಿಸಿದ ಬಿಸಿ. ಸಲ್ಫೋಸಾಲ್ಟ್ ಕೂರಬೇಕಾದರೆ ಕಡೆಯ ಹಂತದ, ತಣ್ಣಗಾದ ನೀರಿನ ಬೆಣಚುಕಲ್ಲಿನ ಎಳೆಗಳೇ ಬೇಕು. ಹಾಗಾಗಿ ಚಿನ್ನದ ಗಣಿಗಳಲ್ಲಿ ಇಂಥ ಖನಿಜಗಳನ್ನು ನುಣುಪಾಗಿ ಉಜ್ಜಿದ ಕಲ್ಲಿನ ತುಂಡಿನಲ್ಲಿ, ಸೂಕ್ಷ್ಮದರ್ಶಕದಡಿ ಹುಡುಕುತ್ತಾರೆ. ಒಂದು ಕಣ ಕಂಡರೂ ಕೊನೆಯ ನೀರು ಎಷ್ಟು ಬಿಸಿಯಿತ್ತು, ಅದರಲ್ಲಿ ಏನೇನಿತ್ತು ಅನ್ನೋದರ ಸುಳಿವು ಸಿಗುತ್ತದೆ. ಚಿನ್ನದ ಎಂಜಿನಿಯರ್‌ಗಳಿಗೆ ಇದು ಬೇಕಾದದ್ದೇ, ಯಾಕೆಂದರೆ ಆಂಟಿಮನಿ ಇರುವ ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆಯೋದು ಕಷ್ಟ. ಆಂಟಿಮನಿ ಚಿನ್ನ ಕರಗದಂತೆ ಅಡ್ಡಗಾಲು ಹಾಕುತ್ತದೆ.

ಇನ್ನೊಂದು ಮಾತು. ನೆಲದ ಮೇಲೆ ಮಳೆ, ಬಿಸಿಲು ತಿಂದ ಬೂಲಂಜೆರೈಟ್ ಹೊಳೆಯುವುದಿಲ್ಲ. ಸೀಸ, ಆಂಟಿಮನಿ ಎರಡೂ ಆಮ್ಲಜನಕ ಹಿಡಿದು ಹಳದಿ ಪುಡಿಯ ಹೊದಿಕೆಯಾಗುತ್ತವೆ. ರಾಯಚೂರಿನಂಥ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದೂ ಫಳಫಳ ಅನ್ನುವ ಕಲ್ಲು ಬಹುಮಟ್ಟಿಗೆ ಅಭ್ರಕ ಅಥವಾ ಹೆಮಟೈಟ್.

ಸುರ್ಮಾ ವಿಷಯದಲ್ಲಿ ಎಚ್ಚರ

ಬೂಲಂಜೆರೈಟ್‌ನ ಎರಡು ಪಾಲುದಾರರು, ಗೆಲೀನಾ ಮತ್ತು ಸ್ಟಿಬ್ನೈಟ್, ನಮ್ಮ ಊರಿನ ಸಂತೆಗೂ ಬರುತ್ತವೆ. ಕಣ್ಣಿಗೆ ಹಚ್ಚುವ ಸುರ್ಮಾ ಮೂಲದಲ್ಲಿ ಆಂಟಿಮನಿಯ ಕಲ್ಲು ಅನ್ನುತ್ತಾರೆ. ಆದರೆ ಮಾರಾಟವಾಗುವ ಸುರ್ಮಾವನ್ನು ಪರೀಕ್ಷಿಸಿದಾಗ ಎಷ್ಟೋ ಸಲ ಅದು ಗೆಲೀನಾ, ಅಂದ್ರೆ ಸೀಸ ಎಂದು ಕಂಡುಬಂದಿದೆ. ಹೊಳಪು ಒಂದೇ, ಗೆಲೀನಾ ಸಿಗೋದು ಸುಲಭ. ಮಕ್ಕಳ ಕಣ್ಣಿಗೆ ಹಚ್ಚಿದ್ದು ಕೈಗೆ ಬಂದು, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ನೇರ ಪೆಟ್ಟು.

ಬೂಲಂಜೆರೈಟ್‌ಗೂ ಇದೇ ಮಾತು. ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ಕೈ ತೊಳೆದರೆ ಸಾಕು. ಕುಟ್ಟಿ ಪುಡಿ ಮಾಡಬಾರದು, ಎಳೆಗಳನ್ನು ಮೂಗಿನ ಹತ್ತಿರ ಹಿಡಿಯಬಾರದು. ಬೆಳ್ಳಿ ಬರುತ್ತದಾ ನೋಡೋಣ ಅಂತ ಒಲೆಯಲ್ಲಿ ಕಾಯಿಸುವುದಂತೂ ಬೇಡವೇ ಬೇಡ. ಬೇಗ ಕರಗುವ ಖನಿಜ ಅದು, ಜೊತೆಗೆ ಸೀಸದ ಹೊಗೆ, ಆಂಟಿಮನಿಯ ಬಿಳಿ ಹೊಗೆ, ಗಂಧಕದ ಗ್ಯಾಸ್ ಮೂರೂ ಏಳುತ್ತವೆ.

ದುಡ್ಡಾಗುತ್ತದಾ?

ನೂರಕ್ಕೆ 55 ಸೀಸ, 26 ಆಂಟಿಮನಿ ಅಂದ ಕೂಡಲೇ ಬರುವ ಪ್ರಶ್ನೆ ಇದು. ಆ ಲೆಕ್ಕ ಶುದ್ಧ ಖನಿಜದ್ದು. ಗಣಿಯಲ್ಲಿ ಬೂಲಂಜೆರೈಟ್ ಬರೀ ಎಳೆಗಳಾಗಿ, ಬೇರೆ ಖನಿಜಗಳ ನಡುವೆ ಚದುರಿರುತ್ತದೆ. ಎಲ್ಲೋ ಕೆಲವು ಕಡೆ ಮಾತ್ರ ಅದನ್ನು ಸೀಸದ ಅದಿರಿನ ಜೊತೆ ಸೇರಿಸಿ ಕರಗಿಸಿದ್ದಾರೆ. ಹಾಗೆ ಕರಗಿಸಿದಾಗ ಸೀಸ, ಆಂಟಿಮನಿ ಒಟ್ಟಿಗೇ ಇಳಿಯುತ್ತವೆ. ಬೇರ್ಪಡಿಸಲು ಖರ್ಚು, ಬೇರ್ಪಡಿಸದೆ ಮಾರಿದರೆ ಬ್ಯಾಟರಿಗೆ ಆಗುವ ಗಟ್ಟಿ ಸೀಸ. ಜಗತ್ತಿನ ಆಂಟಿಮನಿ ಮುಖ್ಯವಾಗಿ ಬರುವುದು ಸ್ಟಿಬ್ನೈಟ್‌ನಿಂದಲೇ. ಬೂಲಂಜೆರೈಟ್‌ಗೆ ಒಳ್ಳೆ ಬೆಲೆ ಕೊಡುವವರು ಹರಳು ಸಂಗ್ರಹಿಸುವವರು, ಅದೂ ಎಳೆ ಮುರಿಯದೆ ಕಲ್ಲಿನ ಪೊಟರೆ ಸಮೇತ ಸಿಕ್ಕರೆ ಮಾತ್ರ.

ಅನುಮಾನದ ಕಲ್ಲು ಕೈಗೆ ಸಿಕ್ಕವರು ಮೊದಲು ಟೈಲಿನ ಮೇಲೆ ಗೆರೆ ಎಳೆದು ನೋಡಲಿ. ಕೆಂಪು ಬಿದ್ದರೆ ಅಲ್ಲಿಗೆ ಮುಗಿಯಿತು. ಬೂದುಬಣ್ಣದ ಗೆರೆ ಬಿದ್ದು, ಕಲ್ಲು ಭಾರವಾಗಿಯೂ ಇದ್ದರೆ, ಸಿಕ್ಕ ಜಾಗವನ್ನು ಗುರುತು ಮಾಡಿಟ್ಟು, ಕಲ್ಲನ್ನು ತೊಳೆಯದೆ, ಕಾಗದದಲ್ಲಿ ಸುತ್ತಿ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಗೋ ಭೂವಿಜ್ಞಾನ ಕಲಿಸುವ ಕಾಲೇಜಿಗೋ ಕೊಡಬಹುದು. ಜಾಗ ಗೊತ್ತಿಲ್ಲದ ಕಲ್ಲಿಗೆ ಅಲ್ಲಿ ಅಷ್ಟು ಕಿಮ್ಮತ್ತಿಲ್ಲ.